ಹಿರಿಯರ ಹಬ್ಬಕ್ಕೊಂದು ಚಾಕು

ಅತ್ತಿಗೆಯ ಫೋನ್ ಬಂದಾಗ ನಾನು ಬಲಗೈಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಕೂತಿದ್ದೆ. ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಕೈ ನನ್ನದೇ ಆದರೂ ಮಾತು ಕೇಳುತ್ತಿರಲಿಲ್ಲ. ಎಡಗೈಯಲ್ಲಿ ಫೋನ್ ಎತ್ತಿಕೊಂಡು “ಹೇಳಿ ಅತ್ತಿಗೆ” ಅಂದೆ.

“ಈ ಸಲ ಹಿರಿಯರ ಹಬ್ಬಕ್ಕೆ ಕ್ಯಾಟರಿಂಗ್‌ನೋರಿಗೆ ಹೇಳಿಬಿಡೋಣ ಅಂತಿದೀನಿ ಕಣೆ. ನಿನ್ನ ಕೈ ಬೇರೆ ಹಿಂಗಾಗಿದೆ. ನೀನು ಸುಮ್ನೆ ಬಾ, ಕೂತ್ಕೊ, ಊಟ ಮಾಡ್ಕೊಂಡು ಹೋಗು.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ ಇರಬಹುದು. ಆದರೆ ‘ಸುಮ್ನೆ ಬಾ, ಕೂತ್ಕೊ’ ಅನ್ನುವುದು ನೆಂಟರಿಗೆ ಹೇಳುವ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಅಷ್ಟು ಉರಿಯಿತು ಅಂತ ಹೇಳಬೇಕು. ನಮ್ಮಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಣ್ಣ, ನಾನು ಬೆಳೆದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಆಮೇಲೆ ಅಣ್ಣ ಅದೇ ಊರಿನಲ್ಲಿ ಸೈಟು ತೆಗೆದುಕೊಂಡು ಸಣ್ಣದೊಂದು ಮನೆ ಕಟ್ಟಿಸಿದ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮಹಾಲಯ ಅಮಾವಾಸ್ಯೆಯ ದಿನ ಅಣ್ಣನ ಮನೆಯಲ್ಲಿ ಅವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿಟ್ಟು, ಕೈಮುಗಿದು, ಆಮೇಲೆ ನಾವು ಉಣ್ಣುವುದು. ನಮ್ಮ ಮನೆತನದಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಎಡೆಯ ಅಡುಗೆಯನ್ನು ಸೊಸೆ ಮಾಡಬೇಕು, ಎಡೆಯ ತರಕಾರಿಯನ್ನು ಮನೆಮಗಳು ಹೆಚ್ಚಬೇಕು. ನಮ್ಮಮ್ಮ ತನ್ನ ತವರಿಗೆ ಹೋಗಿ ಹೆಚ್ಚಿಕೊಟ್ಟು ಬರುತ್ತಿದ್ದಳು. ನಾನೂ ಒಂದು ವರ್ಷವೂ ತಪ್ಪಿಸಿದವಳಲ್ಲ.

ಮದುವೆಯಾಗಿ ಹೋದ ಹೆಣ್ಣಿಗೆ ತವರಿನಲ್ಲಿ ಉಳಿಯುವುದು ಇಂಥ ಒಂದೆರಡು ಕೆಲಸಗಳೇ. ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ ಅಂತ ಸಹಿ ಹಾಕಿಕೊಟ್ಟ ದಿನ ನನಗೆ ಏನೂ ಅನ್ನಿಸಿರಲಿಲ್ಲ, ಅಣ್ಣನಿಗೇ ತಾನೇ ಅಂತ ಹಾಕಿ, ಕಾಫಿ ಕುಡಿದು ಬಂದಿದ್ದೆ. ಬೀನ್ಸ್ ಹೆಚ್ಚುವ ಕೆಲಸ ಕೈತಪ್ಪುತ್ತದೆ ಅಂದಾಗ ಮಾತ್ರ ತವರೇ ತಪ್ಪಿದ ಹಾಗಾಯಿತು.

“ಯಾರೋ ಹೆಚ್ಚಿದ್ದನ್ನ ಅಮ್ಮನಿಗೆ ಎಡೆ ಇಡೋದಾದ್ರೆ ನಾನು ಬರೋದೇ ಇಲ್ಲ ಅತ್ತಿಗೆ. ನಾನೇ ಬಂದು ಹೆಚ್ತೀನಿ. ಯಾರಿಗೂ ಹೇಳಬೇಡಿ.”

“ಆಗುತ್ತೇನೇ ನಿನ್ನ ಕೈಲಿ?” ಅಂದರು ಅತ್ತಿಗೆ.

“ಆಗುತ್ತೆ.”

“ನೋಡು ಮತ್ತೆ. ಹಬ್ಬ ಹತ್ರ ಬಂದಾಗ ಆಗಲ್ಲ ಅಂದ್ರೆ ಕ್ಯಾಟರಿಂಗ್‌ನೋರೂ ಸಿಗಲ್ಲ.”

ಆಗುತ್ತೆ ಅಂದದ್ದು ನನ್ನ ಬಾಯಿ. ಕೈಯನ್ನು ಕೇಳಿರಲಿಲ್ಲ. ಫೋನ್ ಇಟ್ಟು ಹೋಗಿ ಫ್ರಿಜ್ಜಿನಿಂದ ಒಂದು ಟೊಮೆಟೊ ತೆಗೆದೆ. ಆಷಾಢದ ಮಳೆಯಲ್ಲಿ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದ ಮೇಲೆ ನಾನು ಚಾಕು ಮುಟ್ಟಿರಲಿಲ್ಲ, ನಮ್ಮೆಜಮಾನರೇ ಹೇಗೋ ದಪ್ಪದಪ್ಪ ಹೆಚ್ಚಿ ಕೊಡುತ್ತಿದ್ದರು. ಟೊಮೆಟೊ ಮೇಲೆ ಚಾಕು ಇಟ್ಟು ಒತ್ತಿದೆ. ಸಿಪ್ಪೆ ತಗ್ಗಿತೇ ಹೊರತು ಕತ್ತರಿಸಲಿಲ್ಲ. ಇನ್ನೂ ಒತ್ತಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಝುಮ್ಮೆಂದು ಹತ್ತಿತು, ಟೊಮೆಟೊ ಪಿಚಕ್ಕನೆ ಒಡೆದು ಯಜಮಾನರ ಪೇಪರಿನ ಮೇಲೆ ಚಿಮ್ಮಿತು.

ಅವರು ಪೇಪರ್ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು, ಉತ್ತರ ತಪ್ಪಿದವರನ್ನು ನೋಡುವ ನೋಟ ನಿವೃತ್ತಿಯಾದರೂ ಹೋಗಿಲ್ಲ. “ಒಪ್ಕೊಂಡುಬಿಡು ಮಾರಾಯ್ತಿ. ಒಂದು ವರ್ಷ ತಾನೇ” ಅಂದರು. ಒಂದು ವರ್ಷ ಬಿಟ್ಟ ಕೆಲಸ ಮುಂದಿನ ವರ್ಷ ನಮ್ಮದಾಗಿರುವುದಿಲ್ಲ ಅನ್ನುವುದು ಗಂಡಸರಿಗೆ ಗೊತ್ತಿಲ್ಲ.

ಈಳಿಗೆ ಮಣೆ ಅಟ್ಟದ ಮೇಲೆ ಇತ್ತು. ತವರಿನಲ್ಲಿ ನಾನು ವರ್ಷಾನುಗಟ್ಟಲೆ ಹೆಚ್ಚಿದ್ದು ಅಂಥದ್ದರ ಮೇಲೆಯೇ. ಆದರೆ ಅದಕ್ಕೆ ನೆಲದಲ್ಲಿ ಕೂರಬೇಕು. ಕೂತವಳು ಏಳಬೇಕಾದರೆ ನೆಲಕ್ಕೆ ಕೈ ಊರಬೇಕು, ಊರುವ ಕೈಯೇ ಮುರಿದುಕೊಂಡಿತ್ತು. ಹಾಗಾಗಿ ಉಳಿದದ್ದು ಚಾಕು. ನಮ್ಮ ಮನೆಯ ಚಾಕುಗಳೋ, ದೇವರಿಗೇ ಪ್ರೀತಿ. ಡ್ರಾಯರಿನಲ್ಲಿ ಐದಾರು ಇದ್ದವು, ಒಂದನ್ನೂ ನಾವು ನೋಡಿ ಕೊಂಡದ್ದಲ್ಲ. ಒಂದು ಸೋಪಿನ ಪುಡಿಯ ಜೊತೆ ಬಂದದ್ದು, ಒಂದು ಯಾರದೋ ಗೃಹಪ್ರವೇಶದ ಉಡುಗೊರೆ, ಇನ್ನೊಂದಕ್ಕೆ ಗರಗಸದ ಹಾಗೆ ಹಲ್ಲು. ಸಾವಿರಗಟ್ಟಲೆ ಕೊಟ್ಟು ಮಿಕ್ಸಿ ತರುವ ನಾವು ದಿನಕ್ಕೆ ಮೂರು ಹೊತ್ತು ಹಿಡಿಯುವ ಚಾಕನ್ನು ಪುಕ್ಕಟೆ ಸಿಕ್ಕಿದರೆ ಸಾಕು ಅಂದುಕೊಂಡಿರುತ್ತೇವೆ.

ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಅಲಗಿನ ಬಾಯಿಯ ಮೇಲೆ ಬೆರಳಾಡಿಸಿ ನೋಡಿದೆ. ಯಾವುದಕ್ಕೂ ಹರಿತ ಇರಲಿಲ್ಲ. ಆಗ ಒಂದು ವಿಷಯ ತಲೆಗೆ ಹೊಳೆಯಿತು. ಕೈಯಲ್ಲಿ ಬಲವಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ಇಷ್ಟು ವರ್ಷ ಚಾಕು ಮಾಡಬೇಕಾದ ಕೆಲಸವನ್ನು ನನ್ನ ಮಣಿಕಟ್ಟು ಮಾಡುತ್ತಿತ್ತು. ಇನ್ನು ಅದಕ್ಕೆ ಆಗುವುದಿಲ್ಲ. ಚಾಕು ತನ್ನ ಕೆಲಸ ತಾನು ಮಾಡಿದರೆ ನನಗೆ ಬಲವೇ ಬೇಕಾಗಿಲ್ಲ.

ಯಜಮಾನರು ಮೊಬೈಲಿನಲ್ಲಿ ಬಣ್ಣಬಣ್ಣದ ಚಾಕುಗಳ ಒಂದು ಸೆಟ್ಟನ್ನು ತೋರಿಸಿದರು. ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ನೋಡೋಕೆ ಚೆಂದ, ಬೆಲೆಯೂ ಹಾಗೇ ಇತ್ತು. ಕೈಯ ಎಕ್ಸ್‌ರೇ, ಫಿಸಿಯೋಥೆರಪಿ ಅಂತ ಆಗಲೇ ಬೇಕಾದಷ್ಟು ಕರಗಿತ್ತು. ಅದೂ ಅಲ್ಲದೆ, ಕೈಯಲ್ಲಿ ಹಿಡಿದು ನೋಡದೆ ಸೊಪ್ಪನ್ನೂ ಕೊಳ್ಳದವಳು ನಾನು. “ಗಾಂಧಿ ಬಜಾರಿಗೆ ನಡೀರಿ” ಅಂದೆ.

ಬಜಾರಿನ ಅಂಗಡಿಯವರು ನಗುಮುಖದ ಸಾಬರು, ಪಾತ್ರೆ, ಕತ್ತರಿ, ಬೀಗ ಎಲ್ಲ ಮಾರುವವರು. ಮೊದಲಿಗೆ ಹೊಳೆಯುವವನ್ನೆಲ್ಲ ತೆಗೆದು ಗಾಜಿನ ಮೇಲೆ ಇಟ್ಟರು. ನಾನು ಒಂದೊಂದನ್ನೇ ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಡಿಯಿಂದ ತುದಿಯವರೆಗೆ ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಿದೆ. ಬೆನ್ನು ದಪ್ಪಗಿದ್ದು ಬಾಯಿಯವರೆಗೂ ದಪ್ಪವಾಗಿಯೇ ಬಂದವನ್ನು ಪಕ್ಕಕ್ಕೆ ಸರಿಸಿದೆ. ಅಂಥದ್ದನ್ನು ಎಷ್ಟು ಮಸೆದರೂ ಕ್ಯಾರೆಟ್ಟು ಹೋಳಾಗುವುದಿಲ್ಲ, ಸೌದೆಯ ಹಾಗೆ ಸೀಳುತ್ತದೆ. ಹಲ್ಲಿರುವವನ್ನು ಮುಟ್ಟಲೇ ಇಲ್ಲ, ಹಲ್ಲನ್ನು ಮನೆಯಲ್ಲಿ ಮಸೆಯುವುದಕ್ಕೆ ಬರುವುದಿಲ್ಲ. ಹಿಡಿಯನ್ನು ಅಲುಗಾಡಿಸಿ ನೋಡಿದೆ.

“ಏನಕ್ಕಾ, ಹೊಸ್ದಾಗಿ ಮಟನ್ ಅಂಗ್ಡಿ ಇಡ್ತಿದೀರಾ?” ಅಂದರು ಸಾಬರು.

“ಬೀನ್ಸ್ ಅಂಗ್ಡಿ” ಅಂದೆ. “ಸ್ಟ್ಯಾಂಡು, ಬಣ್ಣ ಇಲ್ದಿರೋದು ತೋರಿಸಿ. ದಿನಾ ಕೆಲಸ ಮಾಡೋರು ಏನ್ ಒಯ್ತಾರೆ?”

“ಅದು ಹೋಟೆಲ್‌ನೋರು ತಗೊಂಡೋಗ್ತಾರೆ. ನಿಮ್ಗೆ ಇಷ್ಟ ಆಗಲ್ಲ, ನೋಡೋಕೆ ಚೆನ್ನಾಗಿರಲ್ಲ” ಅಂತ ಕೆಳಗಿನ ಖಾನೆಯಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಕಟ್ಟು ತೆಗೆದರು. ಮರದ ಹಿಡಿ, ಮೂರು ಮೊಳೆ, ಹಿಡಿಯ ಕೊನೆಯವರೆಗೂ ಹೋದ ಉಕ್ಕು. ಅಂಗೈಗಿಂತ ಸ್ವಲ್ಪ ಉದ್ದದ ತೆಳ್ಳನೆಯ ಅಲಗು. ಅದರಲ್ಲೊಂದನ್ನೂ, ಸಿಪ್ಪೆ ತೆಗೆಯುವುದಕ್ಕೆ ಅಂತ ಅದೇ ಜಾತಿಯ ಸಣ್ಣದೊಂದನ್ನೂ ಆರಿಸಿದೆ. ಎರಡಕ್ಕೂ ಸೇರಿ ಕೊಟ್ಟದ್ದು ಒಂದು ಹೊತ್ತು ಇಬ್ಬರು ಹೋಟೆಲಿನಲ್ಲಿ ಉಂಡಷ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸಾಣೆಕಲ್ಲು ಕೊಂಡೆ. ಬಡಗಿಗಳು ಉಳಿ ಮಸೆಯಲು ಒಯ್ಯುವಂಥದ್ದು, ಒಂದು ಕಡೆ ತರಿ, ಇನ್ನೊಂದು ಕಡೆ ನಯ.

ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಸಾಣೆ ಹಿಡಿಯುವವರು ಬರುತ್ತಾರೆ, ಅವರಿಗೆ ಕೊಡಬಹುದಿತ್ತಲ್ಲ ಅಂತ ಯಜಮಾನರು ಕೇಳಿದರು. ಅವರು ಬರುವುದು ಅವರಿಗೆ ಅನುಕೂಲವಾದಾಗ. ನನಗೆ ಬೇಕಾದದ್ದು ಹಬ್ಬದ ದಿನದ ಬೆಳಗಿನ ಹರಿತ. ಅದೂ ಅಲ್ಲದೆ, ಬೇರೆಯವರಿಂದ ಆಗುವುದಿಲ್ಲ ನಾನೇ ಮಾಡಬೇಕು ಅಂತ ಹಟ ಹಿಡಿದು ಕೂತವಳಿಗೆ ಮಸೆಯುವುದನ್ನು ಬೇರೆಯವರಿಗೆ ಕೊಟ್ಟರೆ ಏನು ಮರ್ಯಾದೆ?

ಮೊದಲ ದಿನ ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಟ್ಟು ಮಸೆದೆ. ಸರ ಸರ ಅಂತ ಸದ್ದು ಬಂದದ್ದು ಕೇಳಿ ಕೆಲಸ ಆಗುತ್ತಿದೆ ಅಂದುಕೊಂಡೆ. ಅರ್ಧ ಗಂಟೆ ಕಳೆದ ಮೇಲೆ ಟೊಮೆಟೊ ಮೇಲೆ ಇಟ್ಟರೆ ಮೊದಲಿಗಿಂತ ಮೊಂಡು. ಮರುದಿನ ಮತ್ತೆ ಮಸೆದೆ, ಮತ್ತೆ ಅಷ್ಟೇ. ಅಲಗಿನ ಪಕ್ಕೆಯೆಲ್ಲ ಗೀರುಗೀರಾಗಿ ಹೊಸ ಚಾಕು ಹತ್ತು ವರ್ಷದ್ದರ ಹಾಗೆ ಕಾಣತೊಡಗಿತು. ಸಿಟ್ಟು ಬಂದು ಕಲ್ಲನ್ನು ಹಿತ್ತಲಿಗೆ ಎಸೆದುಬಿಡಬೇಕು ಅನ್ನಿಸಿತು, ಎಸೆಯುವ ಕೈಯೂ ಅದೇ ಆದ್ದರಿಂದ ಬಚಾವಾಯಿತು.

ನನ್ನ ಒದ್ದಾಟವನ್ನು ನೋಡಿ ನೋಡಿ ಯಜಮಾನರಿಗೆ ತಡೆಯಲಾಗಲಿಲ್ಲ. “ನೀನು ಒಂದೊಂದು ಸಲ ಒಂದೊಂದು ಕೋನದಲ್ಲಿ ಹಿಡೀತಿದೀಯ” ಅಂತ ಬಂದು, ಪೇಪರಿನ ಒಂದು ಮೂಲೆ ಹರಿದರು. “ಇದು ಎಷ್ಟು? ತೊಂಬತ್ತು ಡಿಗ್ರಿ. ಮಡಚಿದ್ರೆ ನಲವತ್ತೈದು. ಇನ್ನೊಂದು ಸಲ ಮಡಚಿದ್ರೆ ಅದರರ್ಧ. ಇಷ್ಟೇ ಎತ್ತಬೇಕು ಬೆನ್ನು, ಇನ್ನೂ ಒಂದು ಚೂರು ಕಮ್ಮಿ ಆದ್ರೂ ಪರವಾಗಿಲ್ಲ.” ಮಡಚಿದ ಕಾಗದವನ್ನು ಕಲ್ಲಿಗೂ ಚಾಕುವಿಗೂ ನಡುವೆ ಇಟ್ಟು ತೋರಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಗಣಿತ ನಮ್ಮ ಅಡುಗೆಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಾಗಂತ ಅವರಿಗೆ ಹೇಳಿದೆ ಕೂಡ.

ಕೋನ ಗೊತ್ತಾದರೂ ಅದು ಕೈಯಲ್ಲಿ ನಿಂತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ನಾನೇ ಒಂದು ಉಪಾಯ ಹುಡುಕಿದೆ. ಯಾವುದೋ ಮದುವೆಗೆ ಅಂತ ಕೊಂಡು ಅರ್ಧ ಉಳಿದಿದ್ದ ಕೆಂಪು ನೇಲ್ ಪಾಲಿಶನ್ನು ಚಾಕುವಿನ ಬಾಯುದ್ದಕ್ಕೂ ಸಣ್ಣಗೆ ಹಚ್ಚಿದೆ. ನಾಲ್ಕು ಸಲ ಕಲ್ಲಿಗೆ ಉಜ್ಜಿ ನೋಡಿದರೆ ಎಲ್ಲವೂ ಬಯಲಾಯಿತು. ತುದಿಯ ಹತ್ತಿರ ಕೆಂಪು ಹಾಗೇ ಇತ್ತು, ಅಂದರೆ ಅಲ್ಲಿಗೆ ಕಲ್ಲು ತಾಗಿಯೇ ಇಲ್ಲ. ನಡುವೆ ಬಾಯಿ ಬಿಟ್ಟು ಮೇಲಿನ ಕೆಂಪು ಹೋಗಿತ್ತು, ಅಲ್ಲಿ ಬೆನ್ನನ್ನು ತೀರಾ ಮಲಗಿಸಿದ್ದೆ. “ಚಾಕುಗೂ ಮದುವೆ ಗೊತ್ತಾಯ್ತಾ?” ಅಂತ ಯಜಮಾನರು ನಕ್ಕರು. ನಾನು ನಗಲಿಲ್ಲ, ತುದಿಗೆ ಬಂದಾಗ ಹಿಡಿಯನ್ನು ಸ್ವಲ್ಪ ಎತ್ತುವುದನ್ನು ಕಲಿಯುತ್ತಿದ್ದೆ.

ಬಲಗೈ ಚಾಕನ್ನು ಸುಮ್ಮನೆ ಹಿಡಿದಿದ್ದರೆ ಸಾಕು, ಒತ್ತುವುದನ್ನು ಎಡಗೈಯ ಎರಡು ಬೆರಳು ಮಾಡುತ್ತಿದ್ದವು. ಒಂದು ಪಕ್ಕ ಸಾಕಷ್ಟು ಮಸೆದಾಗ ಇನ್ನೊಂದು ಪಕ್ಕದ ಅಂಚಿನಲ್ಲಿ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಅದು ಉದ್ದಕ್ಕೂ ಸಿಗುವವರೆಗೆ ಪಕ್ಕ ಬದಲಿಸಬಾರದು. ನಾನು ಮೊದಲು ಮಾಡಿದ ತಪ್ಪು ಅದೇ, ಬೇಸರ ಬಂದಾಗೆಲ್ಲ ಚಾಕನ್ನು ತಿರುಗಿಸಿಬಿಡುತ್ತಿದ್ದೆ. ಎರಡೂ ಪಕ್ಕ ಆದ ಮೇಲೆ ಕಲ್ಲಿನ ನಯದ ಕಡೆ ಹಗುರವಾಗಿ, ಕೊನೆಗೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ನಾಲ್ಕು ಸಲ ಎಳೆಯುವುದು. ಕಪ್ಪಿಗೆ ಬೇರೆ ಖರ್ಚಿಲ್ಲ, ಹಿಡಿ ಮುರಿದದ್ದಾದರೂ ನಡೆಯುತ್ತದೆ. ಅಷ್ಟು ಮಾಡಿ ತೊಳೆದು, ಟೊಮೆಟೊ ಮೇಲೆ ಚಾಕು ಇಟ್ಟು ನನ್ನ ಕಡೆಗೆ ಎಳೆದೆ. ಒತ್ತಲೇ ಇಲ್ಲ. ಸಿಪ್ಪೆ ಸೀಳಿ ಚಾಕು ತಾನಾಗಿ ಕೆಳಗಿಳಿಯಿತು. ನನಗೆ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ.

ಖುಷಿಗೆ ಬಹಳ ಆಯುಸ್ಸಿರಲಿಲ್ಲ. ಮರುದಿನ ಬೆಳಿಗ್ಗೆ ಬದನೆಕಾಯಿ ಹೆಚ್ಚಲು ನಿಂತೆ, ಯಾವಾಗಲೂ ಹೆಚ್ಚುವ ಹಾಗೆಯೇ. ಎಡಗೈಯಲ್ಲಿ ಬದನೆಕಾಯಿ, ಬಲಗೈಯಲ್ಲಿ ಚಾಕು, ಕೆಳಗೆ ನೀರಿನ ಪಾತ್ರೆ, ಚಾಕನ್ನು ಹೆಬ್ಬೆರಳಿನ ಕಡೆಗೆ ಎಳೆಯುವುದು. ನಮ್ಮ ಕಡೆಯ ಹೆಂಗಸರಿಗೆ ಹಲಗೆ ಗಿಲಗೆ ಬೇಕಾಗಿಲ್ಲ, ಹೆಬ್ಬೆರಳೇ ಹಲಗೆ. ಯಾವ ಗೃಹಿಣಿಯ ಬಲಗೈ ಹೆಬ್ಬೆರಳನ್ನು ನೋಡಿದರೂ ಅದರ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳಿರುತ್ತವೆ. ಮೊಂಡು ಚಾಕು ಹೆಬ್ಬೆರಳಿಗೆ ಬಂದು ನಿಲ್ಲುತ್ತದೆ. ನಾನು ಮಸೆದಿದ್ದ ಚಾಕು ನಿಲ್ಲಲಿಲ್ಲ.

ನೋವು ಗೊತ್ತಾಗುವ ಮೊದಲೇ ಪಾತ್ರೆಯ ನೀರು ಕೆಂಪಾಗಿತ್ತು. ಯಜಮಾನರು ಅರಿಸಿನ ಹಿಡಿದುಕೊಂಡು ಓಡಿ ಬಂದರು, ಆಮೇಲೆ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದೆವು. ಹೊಲಿಗೆಗಿಂತ ಹೆಚ್ಚು ನೋಯಿಸಿದ್ದು ಸಂಜೆಯ ಫೋನು. ಯಜಮಾನರು ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದರು.

“ನೋಡು ಮಾರಾಯ್ತಿ, ನಾನು ಹೇಳ್ಲಿಲ್ವಾ?” ಅತ್ತಿಗೆಯ ದನಿಯಲ್ಲಿ ಗಾಬರಿಯ ಜೊತೆಗೆ ಇನ್ನೇನೋ ಇತ್ತು, ಹಗುರವಾದಂಥದ್ದು. “ಯಾಕೆ ಬೇಕು ಈ ಹಟ? ಕ್ಯಾಟರಿಂಗ್‌ನೋರಿಗೆ ಹೇಳ್ತೀನಿ, ಆಯ್ತಾ?”

“ಹೇಳಬೇಡಿ” ಅಂದೆ.

“ಬೆರಳು ಹೋಗ್ತಿತ್ತಲ್ಲೇ!”

“ಹೋಗಿಲ್ವಲ್ಲ.”

ಅವರಿಗೆ ಒಳಗೊಳಗೇ ಸಮಾಧಾನವಾಗಿದೆ ಅಂತ ನನಗೆ ಅನ್ನಿಸಿತು. ನನ್ನನ್ನು ಆ ಮನೆಯ ಕೆಲಸದಿಂದ ಬಿಡಿಸುವುದಕ್ಕೆ ಅವರಿಗೆ ನೆಪ ಬೇಕಾಗಿತ್ತು, ಒಂದಕ್ಕೆರಡು ಸಿಕ್ಕಿತು ಅಂತ ಲೆಕ್ಕ ಹಾಕಿಕೊಂಡೆ. ಬಂದು ಇಷ್ಟು ವರ್ಷವಾದರೂ ಸೊಸೆಗೆ ನಾದಿನಿ ಹೊರೆಯೇ ಅಂತ ಯಜಮಾನರ ಮುಂದೆ ಅಂದೆ. ಅವರು ಚಾಕುಗಳನ್ನು ಎತ್ತಿ ಅಟ್ಟದ ಮೇಲಿಟ್ಟರು. ನಾನು ಅವರು ವಾಕಿಂಗಿಗೆ ಹೋದಾಗ ಸ್ಟೂಲು ಹಾಕಿಕೊಂಡು ಹತ್ತಿ ಮತ್ತೆ ಇಳಿಸಿಕೊಂಡೆ. ಮುರಿದ ಕೈಯವಳು ಸ್ಟೂಲು ಹತ್ತಿದ್ದಕ್ಕೆ ಆ ದಿನ ಮನೆಯಲ್ಲಿ ಜಗಳವೇ ಆಯಿತು.

ಚಾಕು ಮತ್ತೆ ಮೊಂಡಾಗಲಿ ಅನ್ನುವ ಯೋಚನೆ ನನಗೆ ಬರಲೇ ಇಲ್ಲ. ತಪ್ಪು ಚಾಕುವಿನದಲ್ಲ, ಹರಿತವಾದದ್ದನ್ನು ಮೊಂಡಿನ ಹಾಗೆ ಹಿಡಿದ ಕೈಯದು. ಹಾಗಾದರೆ ಕೈ ಬದಲಾಗಬೇಕು. ಆಲ್ಕೊಳ ಸರ್ಕಲ್ ಹತ್ತಿರ ನಮ್ಮ ಪರಿಚಯದ ಬಡಗಿಯೊಬ್ಬರಿದ್ದಾರೆ. ಅವರ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಮಾವಿನ ಹಲಗೆಯ ತುಂಡೊಂದನ್ನು ನುಣ್ಣಗೆ ಕೀಸಿಸಿಕೊಂಡು ಬಂದೆ. ಅಡುಗೆಕಟ್ಟೆಯ ಗ್ರಾನೈಟಿನ ಮೇಲೆ, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಮಸೆದದ್ದೆಲ್ಲ ಒಂದೇ ದಿನಕ್ಕೆ ನೀರುಪಾಲು. ಊಟದ ಮೇಜಿನ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಹಲಗೆ, ಕುರ್ಚಿಯಲ್ಲಿ ನಾನು.

ಹೊಲಿಗೆ ಬಿಚ್ಚಿದ ಮೇಲೆ ದಿನವೂ ಕೂತೆ. ಎಡಗೈ ಬೆರಳ ತುದಿಗಳನ್ನು ಒಳಕ್ಕೆ ಮಡಚಿ ತರಕಾರಿಯನ್ನು ಹಿಡಿಯಬೇಕು, ಚಾಕುವಿನ ತುದಿ ಹಲಗೆ ಬಿಡಬಾರದು, ಹಿಡಿ ಮಾತ್ರ ಏಳಬೇಕು, ಇಳಿಯಬೇಕು. ಬರೆಯುವುದಕ್ಕೆ ಸುಲಭ. ನಲವತ್ತು ವರ್ಷದ ಅಭ್ಯಾಸ ಸುಮ್ಮನೆ ಬಿಡುವುದಿಲ್ಲ, ಒಂದು ಗಳಿಗೆ ಮೈಮರೆತರೆ ಕೈ ತಾನಾಗಿ ಮೇಲೆದ್ದು ಹೆಬ್ಬೆರಳು ಮುಂದಕ್ಕೆ ಬರುತ್ತಿತ್ತು. ಹಾಗಾದಾಗೆಲ್ಲ ಚಾಕು ಕೆಳಗಿಟ್ಟು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಮೊದಮೊದಲು ಬೀನ್ಸಿನ ಹೋಳುಗಳು ಒಂದು ಉದ್ದ, ಒಂದು ಗಿಡ್ಡ. ಹುಳಿ, ಪಲ್ಯ, ಕೋಸಂಬರಿ, ದಿನವೂ ಏನಾದರೂ ಒಂದು. ಯಜಮಾನರು ದೂರಲಿಲ್ಲ, ತಿಂದರು. ಅಮಾವಾಸ್ಯೆ ಹತ್ತಿರ ಬರುವ ಹೊತ್ತಿಗೆ ಹೋಳುಗಳು ಒಂದೇ ಸಮವಾದವು. ಹೆಚ್ಚಿ ಮುಗಿದ ಮೇಲೂ ಮಣಿಕಟ್ಟು ನೋಯುತ್ತಿರಲಿಲ್ಲ. ಅತ್ತಿಗೆಗೆ ಫೋನ್ ಮಾಡಿ “ಬರ್ತೀನಿ” ಅಂದೆ. “ಬಾ” ಅಂದರು, ಅಷ್ಟೇ.

ಹಬ್ಬದ ಬೆಳಿಗ್ಗೆ ನಸುಕಿಗೇ ಬಸ್ ಹಿಡಿದೆವು. ಚಾಕುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹಲಗೆಯ ಜೊತೆ ಚೀಲದ ತಳಕ್ಕೆ ಹಾಕಿದ್ದೆ. ಯಜಮಾನರ ತೊಡೆಯ ಮೇಲೆ ಸಿಹಿಗುಂಬಳಕಾಯಿ, ಹೊಳಲೂರಿನ ಚಿಕ್ಕಪ್ಪನ ಮನೆಯಿಂದ ಪ್ರತಿವರ್ಷ ಬರುತ್ತದೆ. ಅಪ್ಪನಿಗೆ ಅದರ ಪಲ್ಯ ಇಲ್ಲದಿದ್ದರೆ ಹಬ್ಬವೇ ಅಲ್ಲ.

ಅಣ್ಣನ ಮನೆಯಲ್ಲಿ ಅತ್ತಿಗೆ ಸ್ನಾನ ಮಾಡಿ ಒಲೆ ಹಚ್ಚಿದ್ದರು. ನಾನು ಊಟದ ಮೇಜಿನ ಮೇಲೆ ಹಲಗೆ ಹಾಕಿ ಕೂತೆ. ಅತ್ತಿಗೆ ನನ್ನ ಚಾಕನ್ನು ನೋಡಿದರು, ಹತ್ತಿರ ಬರಲಿಲ್ಲ. ಬೀನ್ಸ್ ಮುಗಿಸಿದೆ, ಹೀರೇಕಾಯಿ, ಬದನೆಕಾಯಿ, ಗೋರಿಕಾಯಿ ಮುಗಿಸಿದೆ. ಪಾತ್ರೆಗಳು ತುಂಬಿದ ಹಾಗೆ ನನ್ನ ಎದೆಯೂ ತುಂಬಿತು. ಆದರೂ ಅತ್ತಿಗೆ ಏನೂ ಅನ್ನಲಿಲ್ಲ. ಚೆನ್ನಾಗಿದೆ ಅಂತ ಒಂದು ಮಾತು? ಇಲ್ಲ. ತೆಂಗಿನತುರಿಯನ್ನು ಪ್ಯಾಕೆಟ್ಟಿನಲ್ಲಿ ತರಿಸಿಟ್ಟಿದ್ದರು. ಎಡೆಗೆ ಅಂಗಡಿಯ ತುರಿ! ಕಡುಬಿನ ಹಿಟ್ಟು ನಾದಿರಲಿಲ್ಲ. ಹೆಚ್ಚುವವಳು ಮುರಿದ ಕೈಯಲ್ಲಿ ಹೆಚ್ಚುತ್ತಿದ್ದರೆ ಅಡುಗೆ ಮಾಡುವವರಿಗೆ ಮನಸ್ಸೇ ಇಲ್ಲ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ನನ್ನ ಮುಖವೇ ಎಲ್ಲ ಹೇಳಿರಬೇಕು.

ಕೊನೆಗೆ ಉಳಿದದ್ದು ಕುಂಬಳಕಾಯಿ. ಚಾಕುವಿನ ತುದಿಯನ್ನು ಚುಚ್ಚಿ ಒಳಗಿಳಿಸಿದೆ. ಗಟ್ಟಿ ಸಿಪ್ಪೆ, ಒಳಗೆ ಹೋದದ್ದು ಮುಂದಕ್ಕೆ ಸರಿಯಲಿಲ್ಲ. ಎಷ್ಟು ಹರಿತವಾದರೂ ಅಷ್ಟು ದೊಡ್ಡ ಕಾಯಿಗೆ ಮೇಲಿನಿಂದ ಭಾರ ಬೀಳಬೇಕು, ಕಾಯಿ ಅಲುಗಾಡದ ಹಾಗೆ ಯಾರಾದರೂ ಹಿಡಿದಿರಬೇಕು. ಗಂಡಸರು ಬಾಳೆಲೆ ತರಲು ಮಾರ್ಕೆಟ್ಟಿಗೆ ಹೋಗಿದ್ದರು.

“ಅತ್ತಿಗೆ, ಸ್ವಲ್ಪ ಹಿಡ್ಕೊಳ್ಳಿ ಬನ್ನಿ.”

“ಬಂದೆ, ಹಾಲು ಉಕ್ಕುತ್ತೆ.”

ಹಾಲು ಇಳಿಸಿದ್ದೂ ಆಯಿತು. ಮತ್ತೆ ಕರೆದೆ. ದೇವರ ಮನೆಯಲ್ಲಿ ಏನೋ ಕೆಲಸ ಅಂದರು. ನನಗೆ ತಡೆಯಲಾಗಲಿಲ್ಲ. “ಒಂದು ಕಾಯಿ ಹಿಡ್ಕೊಳ್ಳೋಕೂ ಆಗಲ್ವಾ ಅತ್ತಿಗೆ? ನಾನು ಬಂದಿದ್ದು ಅಷ್ಟು ಬೇಜಾರಾ ನಿಮಗೆ?” ಅಂತ ಕೂಗಿಯೇಬಿಟ್ಟೆ.

ಅತ್ತಿಗೆ ಬಂದರು. ಎರಡೂ ಕೈಯಿಂದ ಕಾಯಿಯನ್ನು ಹಿಡಿದರು. ನಾನು ಚಾಕುವಿನ ಮೇಲೆ ಭಾರ ಬಿಟ್ಟ ಕೂಡಲೇ ಕಾಯಿ ಅವರ ಕೈಯಿಂದ ಜಾರಿ, ಚಾಕು ಸಮೇತ ಹೊರಳಿ, ಮೇಜಿನಿಂದ ಕೆಳಗೆ ಬಿತ್ತು. ನಾನು ಬೈಯಲು ಬಾಯಿ ತೆರೆದವಳು ಅವರ ಕೈ ನೋಡಿದೆ. ಕಾಯಿ ಹೋದ ಮೇಲೂ ಬೆರಳುಗಳು ಕಾಯಿ ಹಿಡಿದ ಹಾಗೇ ಅರ್ಧ ಮಡಚಿ ನಿಂತಿದ್ದವು. ಗೆಣ್ಣುಗಳು ಊದಿ ಕೆಂಪಗಾಗಿದ್ದವು.

“ಹಿಡಿಯಲ್ಲ ಕಣೆ” ಅಂದರು ಅತ್ತಿಗೆ. “ಒಂದು ವರ್ಷ ಆಯ್ತು. ಬೆಳಿಗ್ಗೆ ಹೊತ್ತು ಅಂತೂ ಲೋಟ ಹಿಡಿಯೋಕೂ ಆಗಲ್ಲ.”

“ಅಣ್ಣನಿಗೆ?”

“ಗೊತ್ತಿಲ್ಲ. ಯಾರಿಗೂ ಹೇಳಿಲ್ಲ.” ಕುರ್ಚಿ ಎಳೆದು ಕೂತರು. “ನಿನ್ನ ಕೈ ಮುರೀತು ಅಂತ ಕೇಳಿದಾಗ ಪಾಪ ಅನ್ನಿಸ್ತು. ಆಮೇಲೆ, ಕೇಳ್ಬೇಡ, ಇನ್ನು ಕ್ಯಾಟರಿಂಗ್‌ನೋರಿಗೆ ಹೇಳಬಹುದು ಅಂತಾನೂ ಅನ್ನಿಸ್ತು. ನಿನ್ನ ಕೈ ಹೆಸರಲ್ಲಿ ನನ್ನ ಕೈ ಮುಚ್ಚಿಟ್ಕೊಳ್ಳೋಣ ಅಂತ. ನೀನು ನೋಡಿದ್ರೆ ಚಾಕು ಮಸೀತಾ ಕೂತೆ.”

ನಾನು ಒಂದೊಂದು ಹೋಳನ್ನೂ ಅವರ ಮುಖಕ್ಕೆ ಹಿಡಿಯುವ ಹಾಗೆ ಹೆಚ್ಚಿಟ್ಟಿದ್ದೆ. ಅವರು ಆ ಪಾತ್ರೆಗಳನ್ನು ನೋಡುತ್ತಾ, ಇಷ್ಟನ್ನೂ ಹೇಗೆ ಬೇಯಿಸಿ ಇಳಿಸುವುದು ಅಂತ ಹೆದರಿ ನಿಂತಿದ್ದರು.

ಕಾಯಿಯನ್ನು ಎತ್ತಿ ತೊಳೆದು ಮತ್ತೆ ಹಲಗೆಯ ಮೇಲಿಟ್ಟೆ. ಅಲುಗದ ಹಾಗೆ ಬುಡಕ್ಕೆ ಟವೆಲ್ಲನ್ನು ಸಿಂಬಿ ಸುತ್ತಿದೆ. ಹಳೆಯ ಗಾಯದಲ್ಲೇ ಚಾಕನ್ನು ಇಳಿಸಿ ಹಿಡಿ ಹಿಡಿದುಕೊಂಡು, ಅದರ ಬೆನ್ನ ಮೇಲೆ ದಪ್ಪಗೆ ಮಡಚಿದ ಬಟ್ಟೆ ಇಟ್ಟೆ. “ಬೆರಳು ಬೇಡ ಅತ್ತಿಗೆ. ಅಂಗೈ ಬುಡ ಇಡಿ ಇಲ್ಲಿ. ಹಿಡಿಯೋದು ನಾನು, ಭಾರ ನಿಮ್ಮದು.” ಅತ್ತಿಗೆ ಎದ್ದು ನಿಂತು ಎರಡೂ ಅಂಗೈಯ ಬುಡವನ್ನು ಇಟ್ಟು ಮೈಭಾರ ಬಿಟ್ಟರು. ಕಾಯಿ ಕರಕ್ಕೆಂದು ಎರಡು ಹೋಳಾಯಿತು. ಇಬ್ಬರೂ ನಕ್ಕೆವು, ಆಮೇಲೆ ಅವರು ಅತ್ತರು. ನಾನೂ ಅತ್ತೆ.

ಅಣ್ಣ ಬಾಳೆಲೆಯ ಕಟ್ಟು ಹಿಡಿದು ಒಳಗೆ ಬಂದದ್ದು ಆಗಲೇ, ಹಿಂದೆ ನಮ್ಮ ಮೇಷ್ಟರು. ಒಲೆಯ ಮೇಲೆ ಒಂದು ಪಾತ್ರೆಯೂ ಏರಿಲ್ಲ, ಹೆಂಗಸರಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ. “ಏನಿದು? ಹೊತ್ತೆಷ್ಟಾಯ್ತು! ಆಗ್ದಿದ್ರೆ ಹೇಳಿ, ಈಗ್ಲೂ ಕ್ಯಾಟರಿಂಗ್‌ನೋರಿಗೆ ಒಂದು ಫೋನ್ ಹಾಕ್ತೀನಿ” ಅಂದ.

ಅತ್ತಿಗೆ ನನ್ನ ಮುಖ ನೋಡಿದರು. ಅದು ನಾನು ಹೇಳುವ ಮಾತಲ್ಲ. ಅವರೇ ಎರಡೂ ಕೈಯನ್ನು ಮೇಜಿನ ಮೇಲೆ, ಕುಂಬಳದ ಹೋಳಿನ ಪಕ್ಕ, ಅಣ್ಣನ ಮುಂದೆ ಇಟ್ಟರು. “ಇಲ್ಲಿ ನೋಡಿ ಒಂದ್ಸಲ.”

ಅಣ್ಣ ನೋಡಿದ. ಒಂದು ವರ್ಷ ಆ ಕೈ ಬಡಿಸಿದ್ದನ್ನು ಉಂಡವನು. ಬಾಳೆಲೆಯನ್ನು ಇಡುವುದಕ್ಕೆ ಜಾಗ ಹುಡುಕುತ್ತಾ, “ಯಾಕೆ ಹೇಳ್ಲಿಲ್ಲ ನೀನು?” ಅಂದ.

“ಸೊಸೆ ಮಾಡಬೇಕಾದ ಅಡುಗೆ ಅಲ್ವಾ? ಆಗಲ್ಲ ಅಂದ್ರೆ ಈ ಮನೆಯಲ್ಲಿ ನಾನು ಯಾರು?” ಅಂದರು ಅತ್ತಿಗೆ.

ಶಿವಮೊಗ್ಗದಲ್ಲಿ ಕೂತು ಇಷ್ಟು ದಿನ ನಾನು ಕಲ್ಲಿಗೆ ಉಜ್ಜಿದ್ದೂ ಅದೇ ಮಾತನ್ನು. ನನ್ನದೊಂದು ಜಾಗ ಹೋಗುತ್ತದೆ ಅಂತ ನಾನು ಹೆದರಿದ್ದೆ. ಅದೇ ಮನೆಯಲ್ಲಿ, ಅದೇ ಹಬ್ಬಕ್ಕೆ ಅವರೂ ಹೆದರಿದ್ದರು. ನಾನು ಅವರನ್ನು ಗೆಲ್ಲುವುದಕ್ಕೆ ಅಂತ ಮಸೆದುಕೊಂಡು ಬಂದಿದ್ದೆ.

ಅಣ್ಣ ಇನ್ನೂ ನಿಂತೇ ಇದ್ದ. “ನಾನೇನು ಮಾಡ್ಲಿ ಈಗ?” ಅಂದ, ಸಣ್ಣ ದನಿಯಲ್ಲಿ.

“ಆ ಪ್ಯಾಕೆಟ್ ಎತ್ತಿಡು. ತೆಂಗಿನಕಾಯಿ ಒಡೆದು ತುರಿ” ಅಂದೆ. “ರೀ, ನೀವು ಕೈ ತೊಳ್ಕೊಂಡು ಹಿಟ್ಟು ನಾದಿ. ಅತ್ತಿಗೆ, ನೀವು ಒಲೆ ಮುಂದೆ ಕುರ್ಚಿ ಹಾಕ್ಕೊಂಡು ಕೂತು ಏನೇನು ಎಷ್ಟೆಷ್ಟು ಅಂತ ಹೇಳಿ. ಅಡುಗೆ ನಿಮ್ಮದೇ. ಪಾತ್ರೆ ಇಳಿಸೋಕೆ ನಾವಿದೀವಿ.”

ಅಣ್ಣ ತುರಿದ ಕಾಯಿಯಲ್ಲಿ ಕರಟದ ಚೂರು ಸಿಕ್ಕಿತು. ಮೇಷ್ಟರು ನಾದಿದ ಹಿಟ್ಟು ಕೈಗೆ ಅಂಟಿಕೊಂಡು ಬಿಡಲೊಲ್ಲದು, ಅತ್ತಿಗೆ ಕೂತಲ್ಲಿಂದಲೇ ಇಬ್ಬರನ್ನೂ ಚೆನ್ನಾಗಿ ಬೈದರು. ಎಡೆಯ ಎಲೆಗೆ ಬಡಿಸುವಾಗ ಮಧ್ಯಾಹ್ನ ಮೂರು ದಾಟಿತ್ತು. ನಮ್ಮಮ್ಮ ಬದುಕಿದ್ದಾಗ ಊಟ ಅಷ್ಟು ತಡವಾಗಿದ್ದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಕಾಯಲಿ ಅಂದುಕೊಂಡೆ.